ಹಸಿರಿನ ಮೇಲೆ ಸುರಿದ ಕೆಂಪು

ಮನೆಯ ಮುಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡನಿಗೆ,

ನಿನ್ನ ಅಕ್ಕನ ಮನಸಾರೆ ಆಶೀರ್ವಾದ. ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ, ಇಲ್ಲ ವರ್ಕ್‌ಶಾಪಿನ ಚಹಾ ಕುಡಿದುಕೊಂಡೇ ಮೂರು ಹೊತ್ತೂ ತಳ್ಳುತ್ತಿದ್ದೀಯೋ? ಹೆಬ್ಬೆರಳಿಗೆ ಸ್ಪ್ಯಾನರ್ ಬಡಿದುಕೊಂಡಿದ್ದೆಯಲ್ಲ, ಹೊಸ ಉಗುರು ಬಂತೇ? ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನನ್ನ ಬಾಯಿಂದ ‘ಅಪ್ಪ’ ಎಂಬ ಮಾತು ಬಿದ್ದರೆ ಸಾಕು, ‘ಕೆಲಸ ಇದೆ ಅಕ್ಕಾ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ಕಾಗದವನ್ನಾದರೆ ಸಿಟ್ಟಿನಲ್ಲಿ ಮೂಲೆಗೆ ಎಸೆದರೂ ಊಟವಾದ ಮೇಲೆ ಎತ್ತಿಕೊಂಡು ಓದುತ್ತೀಯ, ನಿನ್ನನ್ನು ನಾನು ಬಲ್ಲೆ. ಅದೂ ಅಲ್ಲದೆ ಈಗ ನಮ್ಮ ಮನೆಯಲ್ಲಿ ಏನು ಪಿಸುಗುಟ್ಟಿದರೂ ಅಪ್ಪನಿಗೆ ಕೇಳಿಸುತ್ತದೆ. ಅವರ ಮಂಚದ ಪಕ್ಕದಲ್ಲೇ ಹೊಲಿಗೆ ಯಂತ್ರದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ‘ಏನಮ್ಮಾ ಅದು?’ ಎಂದರು. ಗಿರಾಕಿಯ ಅಳತೆ ಬರೆದುಕೊಳ್ಳುತ್ತಿದ್ದೇನೆ ಎಂದೆ. ಇಷ್ಟುದ್ದ ಅಳತೆ ಯಾವ ಆನೆಯದೋ ಎಂದು ನಕ್ಕರು, ನಕ್ಕಿದ್ದಕ್ಕೆ ಕೆಮ್ಮು ಬಂತು.

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದಿದ್ದೇನೆ. ಒಳಗಿನ ಕೋಣೆಯಲ್ಲಿ ಗಾಳಿ ಚೆನ್ನಾಗಿರುತ್ತದೆ ಎಂದರೂ ಕೇಳದೆ ಮಂಚವನ್ನು ಮುಂದಿನ ಕೋಣೆಯ ಕಿಟಕಿಗೇ ಹಾಕಿಸಿಕೊಂಡರು. ಕಿಟಕಿಯಲ್ಲಿ ಕಾಣುವುದು ಏನು ಮಹಾ? ಗೇಟು, ಗೇಟಿನ ಒಳಗೆ ನಿಂತ ನಮ್ಮ ಬ್ರೆಡ್ಡಿನ ವ್ಯಾನು. ಅಂಗಡಿಗಳಿಗೆ ಬ್ರೆಡ್ಡು ಹಾಕಲು ಬೇಕರಿಯವರು ಈಗ ಬೇರೆ ಗಾಡಿ ಇಟ್ಟುಕೊಂಡಿದ್ದಾರೆ. ಆದರೂ ಬೆಳಕು ಹರಿಯುವ ಮೊದಲೇ ಅಪ್ಪನಿಗೆ ಎಚ್ಚರವಾಗುತ್ತದೆ. ಟ್ರೇಗಳನ್ನು ತುಂಬುವ ಹೊತ್ತಾಯಿತೆಂದು ಕಾಲು ಕೆಳಗಿಡಲು ನೋಡುತ್ತಾರೆ. ಆಮೇಲೆ ನೆನಪಾಗಿ, ಯಾರೂ ನೋಡಲಿಲ್ಲ ಎನ್ನುವ ಹಾಗೆ ಹೊದಿಕೆ ಎಳೆದುಕೊಳ್ಳುತ್ತಾರೆ. ನಾನು ನೋಡಿಯೂ ನೋಡದವಳಂತೆ ಮಲಗಿರುತ್ತೇನೆ.

ನಿಮ್ಮಿಬ್ಬರ ಜಗಳ ನಡೆದದ್ದು ಆ ವ್ಯಾನಿನ ಬಾನೆಟ್ ಮುಂದೆಯೇ. ನೀನು ದೊಡ್ಡ ಸರ್ವೀಸ್ ಸೆಂಟರಿಗೆ ಸೇರಿ, ಅವರ ನೀಲಿ ಅಂಗಿ ಹಾಕಿಕೊಂಡು ಮೊದಲ ಸಲ ಮನೆಗೆ ಬಂದಿದ್ದೆ. ಕೈಕಾಲು ತೊಳೆಯುವ ಮುಂಚೆಯೇ ಬಾನೆಟ್ ಎತ್ತಿದೆ. ಇಂಜಿನ್ ಕಾಯದಿರಲಿ ಎಂದು ಸುರಿಯುವ ಕೂಲೆಂಟಿನ ಡಬ್ಬಿ ನೋಡಿ ಮುಖ ಕಿವುಚಿದೆ. ‘ಇನ್ನೂ ಈ ಹಸಿರೇನಾ? ಬೇಗ ಸತ್ವ ಹೋಗುತ್ತೆ ಇದು. ಈ ಇಂಜಿನ್ನಿಗೆ ಕೆಂಪು ಕೂಲೆಂಟೇ ಹಾಕ್ಬೇಕು’ ಎಂದೆ. ಅಪ್ಪ ಸುಮ್ಮನಿರುವ ಆಸಾಮಿಯೇ? ‘ನೀನು ಅಂಬೆಗಾಲಿಡೋಕೆ ಮುಂಚಿನಿಂದ ಹಸಿರೇ ಹಾಕ್ತಿದ್ದೀನಿ. ಗಾಡಿ ಒಂದಿನ ಕೈಕೊಟ್ಟಿಲ್ಲ. ನಿನ್ನನ್ನ ಓದಿಸಿದ್ದೂ ಇದೇ ಹಸಿರು’ ಎಂದರು. ಮಾತಿಗೆ ಮಾತು ಬೆಳೆಯಿತು. ನೀನು ಚೀಲ ಹೆಗಲಿಗೇರಿಸಿ ಗೇಟಿನ ಹತ್ತಿರ ನಿಂತು ಏನೇನೋ ಪಾಠ ಹೇಳಿದೆ. ಕೊನೆಗೆ, ‘ನಿಮ್ಮ ಹಠಕ್ಕೆ ಒಂದಿನ ನಡುರಸ್ತೇಲಿ ನಿಂತ್ಕೊಳ್ಳುತ್ತೆ. ಆಗ ನನ್ನನ್ನ ಕರೀಬೇಡಿ’ ಎಂದೆ. ‘ಕರೆಯಲ್ಲ, ಹೋಗೋ’ ಎಂದರು. ಅವರೂ ಕರೆಯಲಿಲ್ಲ, ನೀನೂ ಬರಲಿಲ್ಲ. ಅಮ್ಮ ಇದ್ದಿದ್ದರೆ ಇಬ್ಬರ ಕಿವಿಯನ್ನೂ ಒಟ್ಟಿಗೆ ಹಿಂಡಿ ಊಟಕ್ಕೆ ಕೂರಿಸುತ್ತಿದ್ದಳು. ನನಗೆ ಅಷ್ಟು ಗಟ್ಟಿ ಕೈ ಇಲ್ಲವಲ್ಲ ಗುಂಡಾ.

ಮುಂದಿನದು ನಿನಗೆ ಅರ್ಧ ಗೊತ್ತು. ಏರುರಸ್ತೆಯಲ್ಲಿ ವ್ಯಾನು ಹೊಗೆ ಉಗುಳಿ ನಿಂತಿತು. ಒಳಗೆ ಟ್ರೇ ತುಂಬ ಬಿಸಿ ಬ್ರೆಡ್ಡು. ಬೇರೆ ಯಾರಾದರೂ ಬೇಕರಿಗೆ ಫೋನ್ ಮಾಡಿ ನೆರಳಲ್ಲಿ ಕೂತಿರುತ್ತಿದ್ದರು. ನಮ್ಮಪ್ಪ ಒಂದೊಂದೇ ಟ್ರೇಯನ್ನು ತಲೆ ಮೇಲೆ ಹೊತ್ತುಕೊಂಡು ಸುಡುಬಿಸಿಲಿನಲ್ಲಿ ಅಂಗಡಿ ಅಂಗಡಿಗೆ ನಡೆದರು. ಮಕ್ಕಳ ಡಬ್ಬಿಗೆ ಬ್ರೆಡ್ಡು ಬೇಕೆಂದು ಜನ ಕಾಯುತ್ತಿರುತ್ತಾರಂತೆ. ಕೊನೆಯ ಟ್ರೇ ಇಳಿಸಿ ಅಂಗಡಿಯ ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅವರ ಹೃದಯ ಮೊದಲಿನಿಂದಲೇ ಸೋತಿತ್ತಂತೆ, ಯಾರಿಗೂ ಹೇಳಿರಲಿಲ್ಲ ಅಷ್ಟೆ, ಇವತ್ತಲ್ಲದಿದ್ದರೆ ನಾಳೆ ಹೀಗೆ ಆಗುವುದಿತ್ತು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಹೊರಗೆ ನಿಂತು ನಿನಗೆ ಫೋನ್ ಮಾಡಿದೆ. ಗಾಡಿ ಕೆಟ್ಟ ಸುದ್ದಿಯಿಂದ ಶುರು ಮಾಡಿದ್ದು ನನ್ನ ಕರ್ಮ. ‘ಹಸಿರು ಹಸಿರು ಅಂತ ಕುಣಿದ್ರಲ್ಲ, ಈಗ ಅನುಭವಿಸ್ಲಿ’ ಎಂದೆ ನೀನು. ಅಪ್ಪ ಬಿದ್ದರು ಎಂದ ಮೇಲೆ ನಿನ್ನ ದನಿ ಇಳಿಯಿತು, ಒಪ್ಪುತ್ತೇನೆ. ಖರ್ಚಿಗೆ ದುಡ್ಡು ಕಳಿಸಿದೆ. ಆದರೆ ನೀನು ಬರಲಿಲ್ಲ. ಬಂದರೆ ‘ನಾನು ಅವತ್ತೇ ಹೇಳಿದ್ದೆ’ ಎನ್ನದೆ ಇರಲಾರೆನೇನೋ ಎಂದು ನಿನಗೇ ಹೆದರಿಕೆ ಇರಬೇಕು.

ಹೋದ ವಾರ ಮೂಲೆ ಗ್ಯಾರೇಜಿನ ಮಾಮ ಬಂದು ವ್ಯಾನು ಬಿಚ್ಚಿದರು. ನಿನ್ನ ಕೈಗೆ ಮೊದಲ ಸಲ ಸ್ಪ್ಯಾನರ್ ಕೊಟ್ಟವರು ಅವರೇ ಅಲ್ಲವೇ, ‘ನಮ್ಮ ಸಾಹೇಬ್ರು ಹೇಗಿದ್ದಾರೆ?’ ಎಂದು ನಿನ್ನನ್ನು ವಿಚಾರಿಸಿದರು. ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಹಾಕಿದರು. ಬೆರಳಿಗೆ ಹತ್ತಿಕೊಂಡು ಬಂದದ್ದು ಹಸಿರೂ ಅಲ್ಲ, ಕೆಂಪೂ ಅಲ್ಲ, ಕೆಸರಿನ ಬಣ್ಣದ ಲೋಳೆ. ಪೈಪು ಬಿಚ್ಚಿದರೂ ಅದೇ, ಒಳಗಿನ ಸಣ್ಣ ಸಣ್ಣ ಕೊಳವೆಗಳಲ್ಲೂ ಅದೇ. ‘ಇದ್ಯಾರಮ್ಮಾ ಎರಡು ಜಾತಿ ಕೂಲೆಂಟ್ ಬೆರೆಸಿದ್ದು?’ ಎಂದರು. ‘ಎರಡೂ ಒಳ್ಳೇದೇ. ಆದ್ರೆ ಅದರ ಮದ್ದು ಬೇರೆ, ಇದರ ಮದ್ದು ಬೇರೆ. ಹಳೇದನ್ನ ಪೂರ್ತಿ ಇಳಿಸಿ, ತೊಳೆದು, ಆಮೇಲೆ ಹೊಸದು ಹಾಕ್ಬೇಕು. ಒಂದರ ಮೇಲೊಂದು ಸುರಿದ್ರೆ ಹೀಗೇ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಇಂಜಿನ್ನಿಗೆ ತಂಪು ಎಲ್ಲಿಂದ ಬರ್ಬೇಕು?’ ಇಂಜಿನ್ ಉಳಿಯುವುದಿಲ್ಲ ಎಂದು ಹೇಳಿ, ಕಿಟಕಿಯ ಕಡೆ ನೋಡದೆ ಹೊರಟುಹೋದರು.

ಅಂಗಡಿಯವನು ತಪ್ಪು ಡಬ್ಬಿ ಕೊಟ್ಟಿರಬೇಕು ಅಂದುಕೊಂಡೆ. ಆಮೇಲೆ ವ್ಯಾನು ಗುಡಿಸುವಾಗ ಡ್ರೈವರ್ ಸೀಟಿನ ಹಿಂದೆ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಕ್ಯಾನು ಸಿಕ್ಕಿತು. ಕೆಂಪು ಕೂಲೆಂಟು ಗುಂಡಾ, ಅರ್ಧಕ್ಕಿಂತ ಹೆಚ್ಚು ಖಾಲಿ. ನೀನು ಅವತ್ತು ಯಾವ ಕಂಪನಿಯ ಹೆಸರು ಹೇಳಿದ್ದೆಯೋ ಅದೇ.

ನಮ್ಮಪ್ಪನ ಸ್ವಭಾವ ನಿನಗೆ ಗೊತ್ತಲ್ಲ, ಅವರ ಕೈಯಲ್ಲಿ ಯಾವುದೂ ಮುಗಿಯುವುದಿಲ್ಲ. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವವರು ಅವರು. ಶಾಂಪೂ ಬಾಟಲಿಗೆ ನೀರು ಹಾಕಿ ಕುಲುಕಿ ಕುಲುಕಿ, ಕೊನೆಗೆ ಬರೀ ನೀರಿನಲ್ಲೇ ನಮ್ಮ ತಲೆ ತೊಳೆಸುತ್ತಿದ್ದರು. ಉಳಿದ ಎರಡು ಡಬ್ಬಿ ಬಣ್ಣ ಬೆರೆಸಿ ಗೇಟಿಗೆ ಬಳಿದದ್ದು ಮರೆತೆಯಾ? ಆ ಬಣ್ಣಕ್ಕೆ ಇವತ್ತಿನವರೆಗೂ ಹೆಸರು ಸಿಕ್ಕಿಲ್ಲ, ಬಂದವರಿಗೆ ಗುರುತು ಹೇಳಲು ಮಾತ್ರ ಚೆನ್ನಾಗಿದೆ. ಇದ್ದದ್ದನ್ನು ಚೆಲ್ಲಿ ಹೊಸದು ಹಾಕುವುದೆಂದರೆ ಅವರಿಗೆ ಜೀವ ಹೋದಂತೆ. ಹಾಗೆಯೇ ಹಸಿರಿನ ಮೇಲೆ ಕೆಂಪು ಸುರಿದಿದ್ದಾರೆ. ಕಡಿಮೆಯಾದಾಗಲೆಲ್ಲ ಸ್ವಲ್ಪ ಸ್ವಲ್ಪ, ಯಾರೂ ನೋಡದ ಹೊತ್ತಿನಲ್ಲಿ.

ಕ್ಯಾನನ್ನು ಅವರ ಮುಂದೆ ಇಟ್ಟು ಕೇಳಿದೆ. ಕದ್ದು ತಿಂದು ಸಿಕ್ಕಿಬಿದ್ದ ಮಗುವಿನ ಹಾಗೆ ಮುಖ ಆ ಕಡೆ ತಿರುಗಿಸಿದರು. ಗೋಡೆಗೆ ಹೇಳುವ ಹಾಗೆ ಹೇಳಿದರು: ‘ಅವನು ಬಂದ್ರೆ ಮೊದಲು ಬಾನೆಟ್ ಎತ್ತಿ ತಾನೇ ನೋಡೋದು? ಕೆಂಪು ಕಾಣ್ಲಿ ಅಂತ.’ ಅಷ್ಟೇ. ಬಾಯಿ ಬಿಟ್ಟು ‘ಬಾರೋ ಮಗನೇ’ ಎನ್ನಲು ಬಾರದ ಮನುಷ್ಯ, ನಿನ್ನ ಕಣ್ಣಿಗೆ ಬೀಳಲೆಂದು ಬಣ್ಣ ಬದಲಾಯಿಸುತ್ತ ಕೂತಿದ್ದರು. ನೀನು ಯಾವತ್ತೋ ಬಂದು, ಬಾನೆಟ್ ಎತ್ತಿ, ಏನೂ ಹೇಳದೆ ಮುಚ್ಚಿದ್ದರೂ ಅವರಿಗೆ ಅಷ್ಟು ಸಾಕಿತ್ತು. ನೀನು ಬರಲೇ ಇಲ್ಲವಲ್ಲೋ! ಸಿಟ್ಟು ಬರುತ್ತದೆ ನಿನ್ನ ಮೇಲೆ. ಮರುಕ್ಷಣ ನಿನ್ನ ಮುಖ ಕಣ್ಣ ಮುಂದೆ ಬಂದು ಅಳು ಬರುತ್ತದೆ. ಕಾಗದ ಇಲ್ಲಿ ಒದ್ದೆಯಾಗಿದೆ, ಅಕ್ಷರ ಹರಡಿದ್ದರೆ ಕೂಡಿಸಿಕೊಂಡು ಓದು.

ಇದನ್ನು ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ‘ಹಠಮಾರಿ ಅಂತಲೇ ಅಂದ್ಕೊಳ್ಳಲಿ ಬಿಡು. ತನ್ನ ಮಾತು ಕೇಳಿ ಗಾಡಿ ಹೋಯ್ತು ಅಂತ ಗೊತ್ತಾದ್ರೆ ಅವನಿಗೆ ಕೆಲಸದಲ್ಲಿ ಕೈ ನಡುಗುತ್ತೆ’ ಎಂದರು. ಆ ಮಾತನ್ನು ನಾನು ಮುರಿಯುತ್ತಿದ್ದೇನೆ. ನೀನು ಬೈದುಕೊಂಡ ಹಠಮಾರಿ ಅಪ್ಪ ಈ ಮನೆಯಲ್ಲಿಲ್ಲ, ನಿನ್ನ ಮಾತನ್ನು ಅರ್ಧ ಕೇಳಿದ ಅಪ್ಪ ಇದ್ದಾರೆ. ಅದು ನಿನಗೆ ತಿಳಿಯದೆ ಉಳಿದುಬಿಟ್ಟರೆ ಮುಂದೆ ನಿನ್ನ ಮುಖ ನೋಡಲು ನನ್ನಿಂದ ಆಗುವುದಿಲ್ಲ.

ಮೂಲೆ ಗ್ಯಾರೇಜಿನ ಮಾಮನ ಮಾತು ಕಿಟಕಿಯಿಂದ ಅಪ್ಪನ ಕಿವಿಗೂ ಬಿದ್ದಿತ್ತು. ಅವತ್ತಿನಿಂದ ಅವರದು ಒಂದೇ ಪ್ರಶ್ನೆ. ಗಂಜಿ ಕುಡಿಸುವಾಗ, ಬೆನ್ನು ಒರೆಸುವಾಗ, ನಿದ್ದೆಯ ಮಂಪರಿನಲ್ಲಿ ಕೂಡ. ‘ಹಳೇದನ್ನ ಪೂರ್ತಿ ತೆಗೀಬೇಕು ಅಂತ ಅವನು ಹೇಳಿದ್ನಾ? ನಾನೇ ಕಿವಿಗೆ ಹಾಕ್ಕೊಳ್ಳಲಿಲ್ವಾ?’ ಗಾಡಿ ಹೋದದ್ದಕ್ಕೆ ಒಂದು ಹನಿ ಕಣ್ಣೀರು ಹಾಕದವರು ಇದನ್ನು ಕೇಳುವಾಗ ಹೊದಿಕೆಯ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಮಗ ಅಷ್ಟು ತಿಳಿಹೇಳಿದರೂ ಕೇಳದೆ ಹೋದೆನೇ ಎಂಬ ಕೊರಗು. ನಾನು ನೀರು ಕುಡಿಸಿ, ಮಾತು ಮರೆಸಿ ದಾಟಿಸುತ್ತಿದ್ದೆ. ಅವರು ಮರೆಯುವುದಿಲ್ಲ.

ಡಾಕ್ಟರು ನಿನ್ನೆ ಮನೆಗೇ ಬಂದು ನೋಡಿದರು. ನನ್ನನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ, ಬರಬೇಕಾದವರು ಯಾರಾದರೂ ಇದ್ದರೆ ಬರಲಿ, ತಡ ಮಾಡಬೇಡಿ ಎಂದರು. ಬರಬೇಕಾದವನು ನೀನೊಬ್ಬನೇ, ನಿನ್ನೆಯೂ ಫೋನಿನಲ್ಲಿ ‘ಆಮೇಲೆ’ ಎಂದು ಇಟ್ಟುಬಿಟ್ಟೆ. ರಜೆ ಕೊಡದಿದ್ದರೆ ಹೇಳದೆ ಬಾ. ನೀಲಿ ಅಂಗಿಯಲ್ಲೇ ಬಾ, ಅದರಲ್ಲಿ ನೀನು ಚೆನ್ನಾಗಿ ಕಾಣುತ್ತೀಯ ಎಂದು ಅವತ್ತು ನೀನು ಹೋದ ಮೇಲೆ ಅಪ್ಪ ಹೇಳಿದ್ದರು.

ಮೈ ಕಡೆ ಜೋಪಾನ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರು, ನಿನಗೆ ವಾಂತಿಯಾಗುತ್ತದೆ. ಅಪ್ಪನ ಆಶೀರ್ವಾದವನ್ನು ಅವರನ್ನು ಕೇಳದೆ ನಾನೇ ಬರೆಯುತ್ತಿದ್ದೇನೆ, ಕೇಳಿದ್ದರೆ ಕೊಡದೆ ಇರುತ್ತಿರಲಿಲ್ಲ.

ನಿನ್ನ ದಾರಿ ಕಾಯುತ್ತಿರುವ
ಅಕ್ಕ

ಇನ್ನೊಂದು ಮಾತು: ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿದವಳು ಮತ್ತೆ ಕೂತು ಗೀಚುತ್ತಿದ್ದೇನೆ. ಅಪ್ಪ ಈಗ ತಾನೇ ನನ್ನ ಕೈ ಹಿಡಿದುಕೊಂಡು ಮತ್ತೆ ಅದನ್ನೇ ಕೇಳಿದರು. ನೀನು ಹೇಳಿದ್ದೆ ಗುಂಡಾ. ಗೇಟಿನ ಹತ್ತಿರ ನಿಂತು, ಹಳೆಯದನ್ನು ಇಳಿಸಿ, ತೊಳೆದು ಹಾಕಿ ಎಂದು ಎರಡೆರಡು ಸಲ ಹೇಳಿದ್ದೆ. ನಾನು ಬಾಗಿಲಲ್ಲೇ ನಿಂತಿದ್ದೆ, ಚೆನ್ನಾಗಿ ನೆನಪಿದೆ. ಆದರೆ ಅಪ್ಪನಿಗೆ, ‘ಇಲ್ಲಪ್ಪಾ, ಅವನು ಹೇಳ್ಲೇ ಇಲ್ಲ, ಸಿಟ್ಟಲ್ಲಿ ಮರೆತುಬಿಟ್ಟ’ ಎಂದುಬಿಟ್ಟೆ. ಎಷ್ಟೋ ದಿನದ ಮೇಲೆ ಅವರ ಹುಬ್ಬು ಸಡಿಲವಾಯಿತು. ‘ಹುಡುಗ ತಾನೇ, ಮರೆತಿರ್ತಾನೆ’ ಎಂದು ಕಣ್ಣು ಮುಚ್ಚಿಕೊಂಡರು, ಮಲಗಿದ್ದಾರೆ. ನಿನಗೆ ತಿಳಿಯಬಾರದು ಎಂದವರೇ, ನೀನು ಬಂದಾಗ ತಡೆಯಲಾರದೆ ನಿನ್ನನ್ನೂ ಕೇಳುತ್ತಾರೆ. ಮರೆತೆ ಅಪ್ಪಾ, ತಪ್ಪು ನಂದೇ ಎನ್ನು. ನೀನು ಹೇಳಿದ್ದು ಸರಿ ಎಂದು ನನಗೊಬ್ಬಳಿಗೆ ಗೊತ್ತು, ನಿನಗೆ ಅಷ್ಟು ಸಾಕು.