ಗೇಣಿನ ಮೇಲೆ ನಾಲ್ಕು ಬೆರಳು

ತೊರೆಮಾದನಕೆರೆ ಏರಿ,
ಆರಿದ್ರಾ ಮಳೆಯ ಒಂಬತ್ತನೆಯ ದಿನ, ಕ್ರಿ.ಶ. 2147

ನೂರಿಪ್ಪತ್ತು ವರ್ಷ ಹಿಂದೆ ಇರುವವರಿಗೆ ಮುದ್ದುರಂಗಮ್ಮನ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ನೀವು ನಗಬಹುದು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ನಾನು ಬಹಳ ಓದಿದ್ದೇನೆ. ಓದುತ್ತ ಓದುತ್ತ ನಿಮ್ಮ ಮೇಲೆ ಸಿಟ್ಟು ಬಂದದ್ದೂ ನಿಜ. ಆದರೆ ಇವತ್ತು ಬರೆಯಲು ಕೂತಿರುವುದು ನನ್ನದೇ ತಪ್ಪಿನ ಬಗ್ಗೆ.

ನಮ್ಮಲ್ಲಿ ಹಗಲು ಹನ್ನೊಂದರಿಂದ ಐದರವರೆಗೆ ನೆರಳುಗಂಟೆ. ಆ ಹೊತ್ತಿನಲ್ಲಿ ಬಿಸಿಲಿಗೆ ಯಾರೂ ಹೊರಡುವಂತಿಲ್ಲ. ಶಾಲೆ, ಸಂತೆ, ಮದುವೆ ಎಲ್ಲವೂ ಬೆಳಗಿನ ಜಾವಕ್ಕೆ ಇಲ್ಲವೇ ಸಂಜೆಗೆ. ಕೆರೆಗೆ ಗಾಳ ಹಾಕಲು ಪ್ರತಿ ಮನೆಗೂ ವಾರಕ್ಕೊಂದು ನೀರುಪಾಳಿ. ಬಿಸಿಯಾದ ನೀರಿನಲ್ಲಿ ಗಾಳಿ ಉಳಿಯುವುದಿಲ್ಲವಾದ್ದರಿಂದ ಕೆರೆಯ ತಳಕ್ಕೆ ಉಸಿರುಗೊಳವೆಗಳನ್ನು ಇಳಿಸಿದ್ದೇವೆ. ಪಂಪು ಹಗಲಿಡೀ ಗುಳುಗುಳು ಗಾಳಿ ಊದುತ್ತದೆ. ಅವು ಬರುವ ಮೊದಲೇ ಕಾಟ್ಲಾ, ರೋಹುಗಳೆಲ್ಲ ಸತ್ತು ತೇಲಿದ್ದವು. ಉಳಿದದ್ದು ಕುಚ್ಚುಮೀನು ಒಂದೇ. ಹಾವಿನಂಥ ತಲೆಯ ಆ ಮೀನು ಮೇಲೆ ಬಂದು, ನಮ್ಮ ಹಾಗೆಯೇ ಗಾಳಿ ಕುಡಿದು, ಮತ್ತೆ ಕೆಸರಿಗೆ ಇಳಿಯುತ್ತದೆ. ನಿಮ್ಮ ಕಾಲದ ಕೊಳಚೆಯನ್ನೆಲ್ಲ ಅದು ತಾಳಿಕೊಂಡಿತು. ನನ್ನನ್ನು ತಾಳಿಕೊಳ್ಳಲಿಲ್ಲ.

ಮೂವತ್ತನೆಯ ವಯಸ್ಸಿಗೆ ನಾನು ಕೆರೆಸಭೆಯ ಕಾರ್ಯದರ್ಶಿಯಾದೆ. ಮೀನು ಕಡಿಮೆಯಾಗುತ್ತಿದೆ ಎಂದು ಊರೇ ಹೇಳುತ್ತಿತ್ತು. ನಾನು ದೇಶವಿದೇಶಗಳ ಕೆರೆಗಳ ಬಗ್ಗೆ ಓದಿ ಒಂದು ಕಾನೂನು ಬರೆದೆ. ಗೇಣಿನ ಮೇಲೆ ನಾಲ್ಕು ಬೆರಳು ಉದ್ದಕ್ಕೆ ಕಚ್ಚು ಹಾಕಿದ ಅಳತೆ ಹಲಗೆಯನ್ನು ಪ್ರತಿ ಮನೆಗೂ ಕೊಟ್ಟೆವು. ಕಚ್ಚಿಗಿಂತ ಚಿಕ್ಕ ಮೀನನ್ನು ನೀರಿಗೆ ಬಿಡಬೇಕು, ದೊಡ್ಡದನ್ನು ಮನೆಗೆ ಒಯ್ಯಬಹುದು. ಮರಿಗಳನ್ನು ಉಳಿಸುವುದಕ್ಕಿಂತ ನ್ಯಾಯ ಇನ್ನೇನಿದೆ ಎಂದು ಎಲ್ಲರೂ ತಲೆಯಾಡಿಸಿದರು.

ಎದ್ದು ನಿಂತವನು ಬಲೆ ಹೆಣೆಯುವ ದ್ಯಾವಣ್ಣ ಒಬ್ಬನೇ. "ತಿರುಗ್‌ಮುರುಗಾ ಬರ್ದಿದ್ದೀಯ ಕಣವ್ವ," ಎಂದ. "ದೊಡ್ಡುದ್ನ ಬುಟ್ಬುಡ್ಬೇಕು. ಮರಿ ಕಾಯೋದು ಅದೇಯ. ಕಾಯೋರ್ನ ಹೊತ್ಕೊಂಡೋದ್ರೆ ಮರಿಗೆ ಯಾರವ್ವ ದಿಕ್ಕು?"

ಹಿಂದಿನ ಸಾಲಿನಿಂದ ಯಾರೋ, "ತಾತಂಗೆ ದೊಡ್ಡ ಮೀನು ಎಳೆಯೋಕೆ ರಟ್ಟೇಲಿ ಶಕ್ತಿ ಇಲ್ಲ, ಅದಕ್ಕೆ ಕಾನೂನೇ ಬೇರೆ ಮಾಡ್ಸ್ತಾನೆ," ಎಂದರು. ಸಭೆ ನಕ್ಕಿತು. ನಾನೂ ನಕ್ಕೆ.

ದ್ಯಾವಣ್ಣ ಹೇಳಿದ್ದು ಇಷ್ಟು. ಮುಂಗಾರಿನಲ್ಲಿ ಕುಚ್ಚುಮೀನು ಅಂಚಿನ ಜೊಂಡಿನಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಕೆಂಪಗೆ, ಹಿಡಿ ಕುಂಕುಮ ಚೆಲ್ಲಿದ ಹಾಗೆ ಗುಂಪಾಗಿ ಮೇಲೆ ತೇಲುತ್ತವೆ. ತಾಯಿತಂದೆ ಎರಡೂ ವಾರಗಟ್ಟಲೆ ಕೆಳಗೆ ಕಾವಲಿರುತ್ತವೆ. ಗಾಳದವರು ಆ ಕೆಂಪಿನ ನಡುವೆ ಕಪ್ಪೆ ಬಿಡುತ್ತಾರೆ. ಮೀನು ಅದಕ್ಕೆ ಬಾಯಿ ಹಾಕುವುದು ಹಸಿವಿಗಲ್ಲ, ಮರಿಗಳ ಹತ್ತಿರದಿಂದ ಅದನ್ನು ಓಡಿಸಲು. ಹೀಗೆ ನನ್ನ ಕಾನೂನಿನ ಪ್ರಕಾರವೇ ಕಾವಲು ನಿಂತ ಮೀನುಗಳು ಜನರ ಮನೆಗೆ ಹೋದವು, ದಿಕ್ಕಿಲ್ಲದ ಮರಿಗಳು ಕೊಕ್ಕರೆಯ ಬಾಯಿಗೆ ಹೋದವು.

ಆದರೆ ಅದು ಕೂಡಲೇ ಗೊತ್ತಾಗಲಿಲ್ಲ. ಮೊದಲ ಮೂರು ವರ್ಷ, ಮೀನೆಣಿಸಲು ಸಭೆ ವರ್ಷಕ್ಕೊಮ್ಮೆ ಬೀಸುವ ಪರೀಕ್ಷಾ ಬಲೆಯಲ್ಲಿ ಸಣ್ಣ ಮೀನುಗಳು ಹೆಚ್ಚೇ ಸಿಕ್ಕಿದವು. ಅವುಗಳನ್ನು ತಿನ್ನುತ್ತಿದ್ದ ದೊಡ್ಡವು ಇರಲಿಲ್ಲವಲ್ಲ. ಸುತ್ತಲಿನ ಊರುಗಳವರು ಬಂದು ನಮ್ಮ ಹಲಗೆಯ ಅಳತೆ ತೆಗೆದುಕೊಂಡು ಹೋದರು. ನನಗೆ ಶಾಲು ಹೊದಿಸಿದರು. ಆ ಸಣ್ಣವು ಬೆಳೆದು ಕಚ್ಚು ದಾಟಿದ ವರ್ಷವೇ ಗಾಳಕ್ಕೆ ಸಿಕ್ಕಿದವು. ಒಂಬತ್ತನೆಯ ವರ್ಷ ಬಲೆ ಬರಿದಾಗಿ ಮೇಲೆ ಬಂತು. ಅಷ್ಟರಲ್ಲಿ ದ್ಯಾವಣ್ಣ ತೀರಿಕೊಂಡಿದ್ದ.

ಮೀನಿಲ್ಲದ ಕೆರೆಗೆ ಮೀನಿನ ಕಾನೂನು ತಿದ್ದಲು ಸಭೆ ಕರೆಯುವವರು ಯಾರು? ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಊರಿನ ಮುಂದೆ ನಿಂತು ತಪ್ಪಾಯಿತು ಎನ್ನಲು ನಾಚಿಕೆಯಾಗಿ ನಲವತ್ತು ವರ್ಷ ಸುಮ್ಮನಿದ್ದೆ. ಗಾಳದವರು ಆಮೇಲೆ ಹೊರಗಿನಿಂದ ತಂದು ಬಿಟ್ಟ ಜಿಲೇಬಿ ಮೀನಿನ ಮೇಲೆ ಹಲಗೆ ಇಟ್ಟು ಅಳೆಯುತ್ತಲೇ ಇದ್ದರು.

ಈ ಸಲ ಮೃಗಶಿರಾ ಮಳೆಯಲ್ಲಿ, ಮೇಲಿನ ಯಾವುದೋ ಕೆರೆ ಕೋಡಿಬಿದ್ದಾಗ ಮೀನು ಬಂದಿರಬೇಕು, ತೂಬಿನ ಪಕ್ಕದ ಜೊಂಡಿನಲ್ಲಿ ಕೆಂಪು ಕಂಡೆ. ಕೆಳಗೆ ಎರಡು ಕಪ್ಪು ಬೆನ್ನುಗಳು. ಎಂಬತ್ತೊಂದರ ಮೊಣಕಾಲು ಮಡಚಿ ಏರಿಯ ಮೇಲೆ ಕೂತುಬಿಟ್ಟೆ. ಸುದ್ದಿ ಹರಡಿದರೆ ಜನ ಮುಗಿಬೀಳುತ್ತಾರೆಂದು ಯಾರಿಗೂ ಹೇಳಲಿಲ್ಲ. ದಿನಾ ಎರಡು ಹೊತ್ತು ಹೋಗಿ ನೋಡಿ ಬರುತ್ತಿದ್ದೆ. ಇನ್ನು ಹತ್ತು ದಿನ ಕಳೆದಿದ್ದರೆ ಮರಿಗಳು ಬಣ್ಣ ಕಳೆದುಕೊಂಡು ತಮ್ಮ ಪಾಡು ತಾವು ನೋಡಿಕೊಳ್ಳುತ್ತಿದ್ದವು. ಕೆಂಪು ಕಂಡ ದಿನವೇ ಸಭೆಗೆ ಹೋಗಿ ಕಾನೂನು ರದ್ದು ಮಾಡಿ ಎಂದು ಕೇಳಿದ್ದರೆ ಆಗುತ್ತಿತ್ತು. ಎರಡನೆಯ ಸಲವೂ ನಾನು ಬಾಯಿ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ದ್ಯಾವಣ್ಣನ ಮೊಮ್ಮಗಳು ಲಕ್ಕಮ್ಮ ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಮೀನು, ಕಂಕುಳಲ್ಲಿ ಹಲಗೆ. ಮುಖ ಹಿಗ್ಗಿತ್ತು.

"ಅಜ್ಜಿ, ತಾತ ಹೇಳ್ತಿತ್ತಂತಲ್ಲ, ಆ ಮೀನು ಇದೇ ಅಲ್ವಾ? ಸರ್ಯಾಗಿ ಅಳ್ದಿದ್ದೀನಿ, ನೋಡಿ, ಕಚ್ಚಿಗಿಂತ ಒಂದು ಗೇಣು ಜಾಸ್ತೀನೇ ಐತೆ. ಚಿಕ್ಕುದಾಗಿದ್ರೆ ಬುಟ್‌ಬುಡ್ತಿದ್ದೆ, ನಿಮ್ಮಾಣೆ."

ಹೌದವ್ವ, ಅದೇ ಮೀನು ಎಂದೆ. ಜೀವಮಾನದಲ್ಲಿ ಕುಚ್ಚುಮೀನು ಕಾಣದ ಹೆಂಗಸು ನಾನು ಬರೆದದ್ದನ್ನು ಅಕ್ಷರಶಃ ಪಾಲಿಸಿದ್ದಳು.

ನೆರಳುಗಂಟೆ ಮುಗಿಯುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿ, ಐದು ಹೊಡೆದದ್ದೇ ಏರಿಯ ಮೇಲೆ ಇವತ್ತಿನ ಪಾಳಿಯ ನಲವತ್ತು ಗಾಳಗಳು ನಿಂತವು. ಕಾನೂನು ತಪ್ಪು, ಇನ್ನೊಂದನ್ನಾದರೂ ಬಿಡಿ ಎಂದು ಅಡ್ಡ ನಿಂತೆ. ಸಭೆಯ ಅಧ್ಯಕ್ಷ ವೀರಮಲ್ಲಣ್ಣ ಮೆಲ್ಲಗೆ ನನ್ನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿದ. "ಬರೆದೋರು ನೀವೇ ಅಲ್ವಾ ಅಜ್ಜಿ? ನಾವೇನ್ ಮೀರಿದ್ದೀವಿ ಹೇಳಿ." ಅವನ ದನಿಯಲ್ಲಿ ಕುಹಕವಿರಲಿಲ್ಲ. ಆರು ಗಂಟೆಗೆ ಎರಡನೆಯದೂ ಬಾಯಿ ಹಾಕಿತು.

ನಿಮ್ಮ ಕೆರೆಗಳಲ್ಲಿ ಅವು ಇನ್ನೂ ಇವೆ. ಕೆಂಪು ಕಂಡ ಕಡೆ ಗಾಳ ಸುತ್ತಿಕೊಂಡು ಮನೆಗೆ ನಡೆಯಿರಿ. ತಿನ್ನಲು ನಡುವಿನ ಗಾತ್ರದವು ಸಾಕು. ದೊಡ್ಡದು ಸಿಕ್ಕರೆ ನೋಡಿ ಸಂತೋಷಪಟ್ಟು ನೀರಿಗೆ ಬಿಡಿ. ಕೆರೆಯನ್ನು ಬಲ್ಲ ಮುದುಕನೊಬ್ಬ ಸಭೆಯಲ್ಲಿ ಎದ್ದು ನಿಂತರೆ, ಅವನು ಕೂರುವವರೆಗೂ ನಗಬೇಡಿ. ನಾಳೆ ನಾನು ಸಭೆಗೆ ಹೋಗುತ್ತೇನೆ. ಕಾನೂನು ರದ್ದಾಗಬಹುದು.

ಬರುವಾಗ ಜೊಂಡಿನ ಹತ್ತಿರ ನೋಡಿದೆ. ಮರಿಗಳು ಚದುರಿರಲಿಲ್ಲ. ಅದೇ ಜಾಗದಲ್ಲಿ ಒತ್ತೊತ್ತಾಗಿ ಸುತ್ತುತ್ತಿದ್ದವು, ಕೆಳಗಿನಿಂದ ಯಾರೋ ಬರಬೇಕು ಎಂಬಂತೆ.

ಇತಿ,
ಮುದ್ದುರಂಗಮ್ಮ