ಗೋಡೆಯ ಮೇಲೆ ಅಮ್ಮನ ಹೆಸರು

ಬಹರೀ, ಅಲೆಕ್ಸಾಂಡ್ರಿಯಾ
೨೭ ಮಾರ್ಚ್ ೧೯೮೮

ಪ್ರೀತಿಯ ಅಮ್ಮಾ,

ಮೊದಲು ನಿನ್ನ ಮಂಡಿನೋವಿನ ಸಮಾಚಾರ ತಿಳಿಸು. ಇಸ್ಮಾಯಿಲಿಯಾದ ಅಕ್ಕನ ಮನೆಯಲ್ಲಿ ಮೆಟ್ಟಿಲು ಹತ್ತುವ ಕಾಟವಿಲ್ಲ, ಅಷ್ಟಾದರೂ ಒಳ್ಳೆಯದಾಯಿತು. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳುತ್ತಿದ್ದೀಯಾ, ಇಲ್ಲ ಮೊಮ್ಮಗಳ ಮೈಗೆ ಹಚ್ಚುವುದರಲ್ಲೇ ಎಲ್ಲ ಮುಗಿಯುತ್ತಿದೆಯಾ? ಪುಟ್ಟ ಮರ್ವಾ ಹಾಲು ಕಕ್ಕುವುದು ನಿಂತಿತೇ? ಶಾಬಾನ್ ಭಾವನ ಕೆಮ್ಮು ಹೇಗಿದೆ ಎಂದು ಕೇಳುವುದಿಲ್ಲ. ಸಿಗರೇಟು ಬಿಡುವವರೆಗೆ ಅದು ಇದ್ದೇ ಇರುತ್ತದೆ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಮೂಲೆಯಂಗಡಿಯ ಬೇಯಿಸಿದ ಅವರೆ, ರೊಟ್ಟಿ. ಸಂಜೆ ಕೆಳಗಿನ ಮನೆಯವರು ಏನಾದರೂ ಕಳಿಸುತ್ತಾರೆ. ತೆಳ್ಳಗಾಗಿದ್ದಾನೆ ಎಂದು ಯಾರಾದರೂ ಚಾಡಿ ಹೇಳಿದರೆ ನಂಬಬೇಡ.

ಫಾಯ್ಜಾ ಅಕ್ಕಾ, ಈಗ ನಿನಗೊಂದು ಮಾತು. ಈ ಪತ್ರವನ್ನು ಅಮ್ಮನಿಗೆ ಓದಿ ಹೇಳುವವಳು ನೀನು. ಒಲೆಯ ಮೇಲಿನ ಪಾತ್ರೆ ಇಳಿಸಿ ಬಂದು ಕೂತುಕೋ. ರಗಬ್ ಅಣ್ಣನ ಹೆಸರು ಬಂದಲ್ಲೆಲ್ಲ ಗಂಟಲು ಸರಿಮಾಡಿಕೊಂಡು ಮುಂದಿನ ಸಾಲಿಗೆ ಹಾರುವ ಅಭ್ಯಾಸ ನಿನಗಿದೆ. ಈ ಸಲ ಹಾರಬೇಡ. ಜೊತೆಗಿರುವ ಚಿತ್ರಗಳನ್ನು ಮಾತ್ರ ಅಮ್ಮನ ಕೈಗೇ ಕೊಡು. ಅವನ್ನು ಓದಿ ಹೇಳಲು ಯಾರೂ ಬೇಕಾಗಿಲ್ಲ.

ಅಮ್ಮಾ, ಮೇಲಿರುವುದು ಗಾರೆಯ ತಲೆಯ ಚಿತ್ರ. ಚಳಿಗಾಲವಿಡೀ ಚಿತ್ರಕಲಾ ಕಾಲೇಜಿನಲ್ಲಿ ನಮ್ಮಿಂದ ಇಂಥವನ್ನೇ ಬರೆಸಿದರು. ಸತ್ತ ದೊರೆಗಳು, ಮೂಗು ಮುರಿದ ದೇವತೆಗಳು. ನಮ್ಮ ಮೇಷ್ಟ್ರು ಲಬೀಬ್ ಸಾಹೇಬರು ಹಿಂದೆ ಬಂದು ನಿಂತು, "ಏನಪ್ಪಾ ಗಾಬಿರ್, ಇದು ಮೂಗೋ ಬದನೆಕಾಯೋ?" ಎಂದು ಕೇಳಿದ್ದು ಇದನ್ನೇ. ಎರಡನೆಯದು ಕೋಟೆಯ ಬಳಿ ಬಲೆ ಹೊಲಿಯುವ ಮುದುಕ. ಅವನಿಗೆ ಚಿತ್ರ ತೋರಿಸಿದೆ. "ಬಲೆ ಸರಿಯಾಗೈತೆ. ನಾನು ಇಷ್ಟು ಮುದುಕ ಆಗಿಲ್ಲ," ಎಂದ. ಮೂರನೆಯದರಲ್ಲಿ ಬರೀ ಕೈಗಳಿವೆ. ಅವು ಯಾರ ಕೈಗಳು ಎಂದು ನಾನು ಹೇಳುವುದಿಲ್ಲ. ನೋಡಿದೊಡನೆ ನಿನಗೇ ಗೊತ್ತಾಗುತ್ತದೆ. ಹೆಬ್ಬೆರಳಿನ ಪಕ್ಕದ ಗಾಯದ ಗೆರೆಯನ್ನು ಎಷ್ಟು ಸಲ ಬರೆದು ಅಳಿಸಿದೆನೋ, ಕಾಗದವೇ ತೂತಾಯಿತು.

ಆ ಕೈಗಳಿಂದಲೇ ಎಲ್ಲ ಶುರುವಾಯಿತು. ಈ ವರ್ಷದ ದೊಡ್ಡ ಕೆಲಸಕ್ಕೆ ಒಬ್ಬ ಮನುಷ್ಯನನ್ನು ಆರಿಸಿಕೊಂಡು, ಎದುರಿಗೆ ಕೂರಿಸಿಕೊಳ್ಳದೆ, ನೆನಪಿನಿಂದಲೇ ಎಣ್ಣೆ ಬಣ್ಣದಲ್ಲಿ ಬರೆಯಬೇಕೆಂದು ಮೇಷ್ಟ್ರು ಹೇಳಿದರು. ಗೆಳೆಯ ಸಬ್ರಿ ತನ್ನ ಪ್ರೀತಿಯ ಹುಡುಗಿಯನ್ನು ಬರೆದ. ಅದು ಅವಳ ತಂಗಿಯಂತೆ ಬಂತು. ನಾನು ನಿನ್ನನ್ನು ಬರೆದೆ. ನಗುವ ತಾಯಿಯನ್ನಲ್ಲ, ತಲೆಗೆ ಬಿಳಿ ಬಟ್ಟೆ ಹೊದ್ದು ಪ್ರಾರ್ಥನೆ ಮಾಡುವ ತಾಯಿಯನ್ನೂ ಅಲ್ಲ. ಅಂಥವು ಕ್ಯಾಲೆಂಡರಿನಲ್ಲಿ ಬೇಕಾದಷ್ಟಿವೆ. ಮೀನು ಮಾರುಕಟ್ಟೆಯಲ್ಲಿ ಹಲಗೆಯ ಮೇಲೆ ಒಂದು ಮಂಡಿ ಎತ್ತಿ ಕೂತು, ಬೂರಿ ಮೀನಿನ ಕಿವಿರು ಬಿಡಿಸಿ ಗಿರಾಕಿಯ ಮೂಗಿನ ಹತ್ತಿರ ಹಿಡಿದು, "ನೋಡಯ್ಯಾ, ಇನ್ನೂ ಉಸಿರಾಡ್ತಾ ಇದೆ! ನಿನ್ನ ಹೆಂಡತಿಗಿಂತ ಕೆಂಪಗಿದೆ!" ಎಂದು ಗದರುತ್ತಿದ್ದೆಯಲ್ಲ, ಆ ನಿನ್ನನ್ನು ಬರೆದೆ. ಮುಂಗೈಗೆ ಅಂಟಿದ ಮೀನಿನ ಹುರುಪೆಗಳಿಗೆ ಹೊಳಪು ತರುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಬಿಳಿ ಹಚ್ಚಿದರೆ ಸುಣ್ಣದಂತಾಯಿತು, ನೀಲಿ ಹಚ್ಚಿದರೆ ಗಾಯದಂತಾಯಿತು. ಕಡೆಗೆ ಒಂದೊಂದು ಹುರುಪೆಯ ಸುತ್ತಲೂ ಕತ್ತಲು ಇಟ್ಟೆ. ಹುರುಪೆ ತಾನಾಗಿಯೇ ಹೊಳೆಯಿತು. ಲಬೀಬ್ ಸಾಹೇಬರು ಬಹಳ ಹೊತ್ತು ನಿಂತು ನೋಡಿ, "ಈ ಹೆಂಗಸಿನ ಹತ್ತಿರ ಚೌಕಾಸಿ ಮಾಡೋಕೆ ನಂಗೆ ಧೈರ್ಯ ಬರಲ್ಲ," ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿಲ್ಲ.

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಈ ೨೧ರಂದು, ತಾಯಂದಿರ ದಿನ, ಪ್ರದರ್ಶನ ಶುರು. ಚಿತ್ರದ ಕೆಳಗೆ ಹಾಕುವ ಚೀಟಿಯಲ್ಲಿ ಅದರ ಹೆಸರು ಬರೆಯಬೇಕಿತ್ತು. "ಮೀನು ಮಾರುವವಳು ಅಂತ ಬರಿ," ಎಂದ ಸಬ್ರಿ. "ತಾಯಿ ಅಂತ ಬರಿ, ದಿನಕ್ಕೂ ಒಪ್ಪುತ್ತೆ," ಎಂದ ಇನ್ನೊಬ್ಬ. ಉಮ್ ರಗಬ್, ಅಂದರೆ ರಗಬನ ತಾಯಿ, ಎಂದು ಬರೆಯಬಹುದಿತ್ತು. ಇಡೀ ಬಹರೀ ನಿನ್ನನ್ನು ಕರೆಯುವುದೇ ಹಾಗೆ. ಆದರೆ ಅಮ್ಮಾ, ಚಿತ್ರದಲ್ಲಿ ರಗಬ್ ಇಲ್ಲ. ನೀನಿದ್ದೀಯ. ನಾನು ದಪ್ಪ ಅಕ್ಷರದಲ್ಲಿ ನಿನ್ನ ಹೆಸರು, ನಿನ್ನ ಅಪ್ಪನ ಹೆಸರು, ನಿನ್ನ ಅಜ್ಜನ ಹೆಸರು ಬರೆದೆ: ನಬವಿಯ್ಯಾ ಖಮೀಸ್ ಅಬು ಸಾಲಿಂ. ಸಬ್ರಿ ನನ್ನ ತೋಳು ಹಿಡಿದು, "ಲೇ ಹುಚ್ಚಾ, ಅಮ್ಮನ ಹೆಸರು ಊರಿಗೆಲ್ಲ ಹೇಳ್ತಾರೇನೋ? ಅದು ಮನೆ ಮರ್ಯಾದೆ ಕಣೋ. ನಾಳೆಯಿಂದ ಹುಡುಗರು ನಿನ್ನ ಹಿಂದೆ ಬಿದ್ದು ಕೂಗ್ತಾರೆ," ಎಂದು ಪಿಸುಗುಟ್ಟಿದ. ಕೂಗಲಿ, ಎಂದೆ. ಅವತ್ತು ಬೆಳಗಿನಿಂದ ರೇಡಿಯೋದಲ್ಲಿ ಅಮ್ಮ, ಅಮ್ಮ ಎಂದು ಹಾಡೋ ಹಾಡು. ಅಂಗಡಿಗಳಲ್ಲಿ ಅಮ್ಮನಿಗೆಂದು ಗಾಜಿನ ಲೋಟಗಳ ಡಬ್ಬಿ. ಒಬ್ಬ ಅಮ್ಮನ ಹೆಸರು ಗೋಡೆಗೆ ಹತ್ತಿದರೆ ಮಾತ್ರ ಎಲ್ಲರಿಗೂ ಮೈ ಉರಿ.

ಸಂಜೆ ರಗಬ್ ಅಣ್ಣ ಬಂದ. ಯಾರು ಹೇಳಿದರೋ ಗೊತ್ತಿಲ್ಲ. ತನ್ನ ಗಡಿಯಾರ ರಿಪೇರಿ ಅಂಗಡಿಯಿಂದ ನೇರವಾಗಿ ಬಂದಿದ್ದ. ಹಣೆಯ ಮೇಲೆ ಭೂತಗನ್ನಡಿ ಇನ್ನೂ ಹಾಗೇ ಇತ್ತು. ಚಿತ್ರವನ್ನು ನೋಡಲೇ ಇಲ್ಲ. ಚೀಟಿಯ ಮೇಲೆ ಅಂಗೈ ಒತ್ತಿ ನಿಂತ. "ತೆಗೆಯೋ ಇದನ್ನ," ಎಂದ. ತೆಗೆಯುವುದಿಲ್ಲ ಎಂದೆ. "ನಮ್ಮಮ್ಮನ್ನ ಬೀದೀಲಿ ನಿಲ್ಲಿಸಿದ್ದೀಯಲ್ಲೋ, ನಾಚಿಕೆ ಆಗಲ್ವಾ?" ಎಂದ. ಆಗ ನನಗೂ ಸಿಟ್ಟು ಬಂತು. ಅಣ್ಣಾ, ಅಪ್ಪನ ದೋಣಿ ವಾಪಸು ಬರದ ಚಳಿಗಾಲದಿಂದ ಅವಳು ಬೀದಿಯಲ್ಲೇ ಕೂತು ನಮ್ಮನ್ನು ಸಾಕಿದಳು, ಆಗ ನಿನಗೆ ನಾಚಿಕೆಯಾಗಲಿಲ್ಲ. ಬಟ್ಟೆ ವ್ಯಾಪಾರಿಯ ಮಗಳನ್ನು ಕೇಳಲು ಹೋದಾಗ ಆಯಿತು, ಎಂದೆ. ಬಾಣಂತನ ಮುಗಿದು ಮಗು ಮಗುಚಿಕೊಳ್ಳುತ್ತಿದೆ, ಅಮ್ಮ ಇನ್ನೂ ಇಸ್ಮಾಯಿಲಿಯಾದಲ್ಲಿ ಏಕಿದ್ದಾಳೆ ಎಂದು ಕೇಳಿದೆ. ಹೆಣ್ಣಿನ ಮನೆಯವರಿಗೆ, ನಮ್ಮ ತಾಯಿ ಮನೆ ಬಿಟ್ಟು ಹೊರಗೆ ಹೋಗುವವರಲ್ಲ ಎಂದು ಅವನು ಹೇಳಿರುವುದು ನನಗೆ ಗೊತ್ತಿತ್ತು. ಅದನ್ನೂ ಎಲ್ಲರೆದುರು ಹೇಳಿಬಿಟ್ಟೆ.

ಅವನು ನನಗೆ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ತುಟಿ ಎತ್ತಿ ಮುರಿದ ಹಲ್ಲು ತೋರಿಸಿದ. "ಇದು ಹೇಗೆ ಮುರೀತು ಗೊತ್ತೇನೋ? ಸ್ಕೂಲಲ್ಲಿ ಒಬ್ಬ ಹುಡುಗ ನಮ್ಮಮ್ಮನ ಹೆಸರು ಕಂಡುಹಿಡಿದು ಕೂಗಿದ. ಆ ಹೆಸರು ಇನ್ನೊಬ್ಬನ ಬಾಯಿಗೆ ಬರಬಾರದು ಅಂತ ನಾನು ಒದೆ ತಿಂದೆ. ನೀನು ಅದನ್ನ ಬಣ್ಣದಲ್ಲಿ ಬರೆದು ನೇತುಹಾಕಿದ್ಯಾ." ಅಮ್ಮಾ, ಆ ಹಲ್ಲಿನ ಕಥೆ ನನಗೆ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಕ್ಕಿಲ್ಲ. ನನ್ನ ಸಿಟ್ಟು ಅರ್ಧ ಇಳಿಯಿತು. ಆದರೆ ಅರ್ಧ ಮಾತ್ರ. "ನೀನು ಬಚ್ಚಿಟ್ಟಿದ್ದಕ್ಕೇ ಅವರು ಕೂಗಿದ್ದು ಕಣೋ ಅಣ್ಣಾ. ಗೋಡೆ ಮೇಲೆ ಇರೋದನ್ನ ಯಾರು ಕೂಗಿ ಏನು ಮಾಡ್ತಾರೆ?" ಎಂದೆ. ಅವನು ಕೈ ತೆಗೆದ. ಆಗ ತಲೆಯೆತ್ತಿ ಒಮ್ಮೆ ಚಿತ್ರ ನೋಡಿದ, ಒಂದೇ ಸಲ. ಹೊರಟುಹೋದ.

ಮರುದಿನ ಕಾಲೇಜಿಗೆ ದೂರು ಹೋಗಿತ್ತು. ಅಣ್ಣ ಕೊಟ್ಟದ್ದಲ್ಲ, ನಾನು ಕೇಳಿ ಖಚಿತ ಮಾಡಿಕೊಂಡೆ. ಯಾರೋ ಮರ್ಯಾದಸ್ಥರು. ಲಬೀಬ್ ಸಾಹೇಬರು ನನ್ನನ್ನು ಕರೆದು, ನನ್ನ ಮುಖ ನೋಡದೆ, ಚೀಟಿ ಬದಲಾಯಿಸಿದರೆ ಚಿತ್ರ ದೊಡ್ಡ ಕೋಣೆಯಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಇಳಿಸಬೇಕು ಎಂದರು. "ಒಂದು ಚೀಟಿ ತಾನೇ ಗಾಬಿರ್? ಚಿತ್ರ ಅದೇ ಇರುತ್ತಲ್ಲ." ಅದೇ ಇರುವುದಿಲ್ಲ ಸಾರ್, ಹೆಸರಿಲ್ಲದಿದ್ದರೆ ಅವಳು ಯಾವುದೋ ಒಬ್ಬ ಮೀನಿನವಳು, ಎಂದೆ. ನಾನೇ ಸ್ಟೂಲು ಹತ್ತಿ ಚಿತ್ರ ಇಳಿಸಿಕೊಂಡೆ. ಚೀಟಿಯನ್ನೂ ಬಿಡಿಸಿಕೊಂಡೆ.

ಮನೆಗೆ ತಂದು ಮಂಚದ ಹಿಂದೆ ಇಡುತ್ತೇನೆ ಎಂದುಕೊಂಡಿರಬೇಕು ಅವರೆಲ್ಲ. ನಾನು ಅದನ್ನು ತಲೆಯ ಮೇಲೆ ಹೊತ್ತುಕೊಂಡು ಸಮುದ್ರದ ರಸ್ತೆಯುದ್ದಕ್ಕೂ ನಡೆದು ಮಾರುಕಟ್ಟೆಗೆ ಬಂದೆ. ಗಾಳಿ ಹೇಗಿತ್ತೆಂದರೆ ಚಿತ್ರದ ಜೊತೆ ನಾನೂ ಹಾರಿ ಸೈಪ್ರಸ್ಸಿಗೆ ಹೋಗಿ ಬೀಳುತ್ತಿದ್ದೆ. ಸಬ್ರಿ ಬಯ್ಯುತ್ತಾ ಬಯ್ಯುತ್ತಾ ಇನ್ನೊಂದು ತುದಿ ಹಿಡಿದುಕೊಂಡ. ನೀನು ಕೂರುತ್ತಿದ್ದ ಜಾಗದ ಹಿಂದೆ ಮಂಜುಗಡ್ಡೆಯಂಗಡಿಯ ಗೋಡೆಯಿದೆಯಲ್ಲ, ಅಲ್ಲಿ ಮೊಳೆ ಹೊಡೆದು ನೇತುಹಾಕಿದೆವು. ಕೆಳಗೆ ಚೀಟಿ. ನಿನ್ನ ಪಕ್ಕದ ಉಮ್ ಅಶ್ರಫ್ ಚಿಕ್ಕಮ್ಮ ಕೈಯಲ್ಲಿನ ಚಾಕು ಹಿಡಿದೇ ಎದ್ದು ಬಂದಳು. "ಅಯ್ಯೋ ನನ್ನವ್ವಾ, ಇವಳೇ! ಇದೇ ಹಾಳು ಸಿಟ್ಟು ಮೋರೆ!" ಎಂದು ಕಿರುಚಿದಳು. ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದಳು. ಓದಿ ಹೇಳಿದೆ. ಚಾಕು ಕೆಳಗಿಟ್ಟಳು. "ನಬವಿಯ್ಯಾ ಅಂತಾನಾ? ಇಷ್ಟು ವರ್ಷ ಒಂದೇ ಬಕೆಟ್ಟಲ್ಲಿ ಕೈ ತೊಳೆದಿದೀವಿ, ನಂಗೇ ಗೊತ್ತಿರಲಿಲ್ಲ ನೋಡು." ಆಮೇಲೆ ಮುಸುಕು ಸರಿಮಾಡಿಕೊಂಡು ಹಲಗೆಯ ಮೇಲೆ ಹೋಗಿ ಕೂತು, "ನನ್ನ ಹೆಸರು ಗಾಲಿಯಾ. ಬರಿ. ಮೂಗು ಮಾತ್ರ ಸ್ವಲ್ಪ ಚಿಕ್ಕದು ಮಾಡು," ಎಂದಳು.

ಕೊನೆಯ ಚಿತ್ರ ಅವಳದೇ, ಅವಳ ಬಳಿ ಇರುವುದರ ನಕಲು. ಮೂಗು ಚಿಕ್ಕದು ಮಾಡಿಲ್ಲ. ಅದಕ್ಕೆ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ, ಆದರೂ ಬಂದು ಹೋಗುವವರಿಗೆಲ್ಲ ತೋರಿಸುತ್ತಾಳೆ. ಈಗ ದಿನವೂ ಕಾಲೇಜು ಮುಗಿಸಿ ಅಲ್ಲಿಗೇ ಹೋಗುತ್ತೇನೆ. ಸೀಗಡಿ ಮಾರುವವರು, ಮೀನಿನ ಹೊಟ್ಟೆ ಸೀಳುವವರು, ಒಬ್ಬೊಬ್ಬರಾಗಿ ಹೆಸರು ಹೇಳಿ ಕೂರುತ್ತಾರೆ. ಕೆಲವರು ಹೇಳುವುದಿಲ್ಲ, ನಾನು ಒತ್ತಾಯಿಸುವುದಿಲ್ಲ. ಹುಡುಗರು ಒಂದೆರಡು ದಿನ ನನ್ನ ಹಿಂದೆ ನಬವಿಯ್ಯಾ, ನಬವಿಯ್ಯಾ ಎಂದು ಕೂಗಿದ್ದು ನಿಜ. ನಾನು ತಿರುಗಿ, ಹೌದು, ನಮ್ಮಮ್ಮ, ಏನಾಗಬೇಕಿತ್ತು ಎಂದು ಕೇಳುತ್ತಿದ್ದೆ. ಅವರಿಗೆ ಬೇಸರ ಬಂತು. ಲಬೀಬ್ ಸಾಹೇಬರು ಮೊನ್ನೆ ತಲೆ ತಗ್ಗಿಸಿಕೊಂಡು ಮಾರುಕಟ್ಟೆಗೆ ಬಂದರು. ಕಾಲೇಜು ನನಗೆ ಕೊಟ್ಟಿರುವುದು ಪಾಸಾಗಲು ಬೇಕಾದಷ್ಟು ಅಂಕ ಮಾತ್ರ, ಅದನ್ನು ಬದಲಾಯಿಸಲು ತಮ್ಮಿಂದಾಗದು ಎಂದರು. ಬೇಡ ಸಾರ್, ಎಂದೆ. ಹೋಗುವಾಗ ತಮ್ಮ ಒಂದು ಒಳ್ಳೆಯ ಕುಂಚ ನನ್ನ ಜೇಬಿಗೆ ಸಿಕ್ಕಿಸಿ ಹೋದರು.

ಅಣ್ಣ ನನ್ನೊಡನೆ ಮಾತಾಡುತ್ತಿಲ್ಲ. ಆದರೆ ಅಂಗಡಿ ಮುಚ್ಚಿ ಮನೆಗೆ ಬರುವಾಗ ಮಾರುಕಟ್ಟೆಯ ದಾರಿ ಹಿಡಿಯುತ್ತಾನಂತೆ; ಉಮ್ ಅಶ್ರಫ್ ಚಿಕ್ಕಮ್ಮ ನೋಡಿದ್ದಾಳೆ. ದೂರದಲ್ಲೇ ನಿಲ್ಲುತ್ತಾನಂತೆ. ಹೆಣ್ಣಿನ ಮನೆಯವರು ಏನೆಂದರೋ ನನಗೆ ತಿಳಿಯದು. ನಾನು ಅವನಲ್ಲಿ ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ. ನನ್ನ ಮೇಲೆ ಕೋಪವಿದ್ದರೆ ನೀನು ಬಯ್ಯಿ, ತಲೆ ತಗ್ಗಿಸಿ ಕೇಳುತ್ತೇನೆ. ಆದರೆ ಹೆಸರು ಅಳಿಸು ಎಂದು ಮಾತ್ರ ಹೇಳಬೇಡ. ಆ ಒಂದು ಮಾತನ್ನು ನಿನ್ನ ಬಾಯಿಂದ ಬಂದರೂ ಕೇಳುವವನಲ್ಲ ನಾನು.

ಭಾವನಿಗೆ ಸಲಾಮು, ಅಕ್ಕನಿಗೆ ಬಹಳ ಪ್ರೀತಿ, ಮರ್ವಾಳ ಎರಡು ಕೆನ್ನೆಗೂ ಮುತ್ತು. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಾಲಗೆಗೆ ಈಗಿರುವ ಬಲವೇ ಸಾಕು.

ನಿನ್ನ ಕೈಗಳಿಗೆ ಮುತ್ತಿಡುವ,
ನಬವಿಯ್ಯಾಳ ಮಗ ಗಾಬಿರ್

ತಾ.ಕ.: ಅಂಚೆಯವನು ಡಬ್ಬಿ ಬಿಚ್ಚುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮಾರುಕಟ್ಟೆಯವರು ನಿನ್ನ ಜಾಗವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು, ಇನ್ನು ಬಂದು ಏನು ಮಾಡುತ್ತೀ ಎಂದು ಅಣ್ಣ ನಿನಗೆ ಹೇಳಿದ್ದನ್ನು ಇವತ್ತು ಚಿಕ್ಕಮ್ಮನಿಂದ ಕೇಳಿದೆ. ಸುಳ್ಳು. ಯಾರಿಗೂ ಕೊಟ್ಟಿಲ್ಲ. ನಿನ್ನ ಹಲಗೆಯನ್ನು ಚಿಕ್ಕಮ್ಮ ದಿನವೂ ತೊಳೆದಿಡುತ್ತಾಳೆ. ಶನಿವಾರದ ಬೆಳಗಿನ ರೈಲು ಹತ್ತು, ನಾನು ಸ್ಟೇಷನ್ನಿನಲ್ಲಿರುತ್ತೇನೆ. ಬೂರಿ ಈಗ ಚೆನ್ನಾಗಿ ಬರುತ್ತಿದೆ.