ಹ್ಯಾಲೋವೀನ್ ರೆಕಾರ್ಡಿನ ಆ ನಗು

ಮನ್ಸಿ, ಇಂಡಿಯಾನ
ಆಗಸ್ಟ್ ೨೧, ೨೦೧೧

ತಂಗಿ ಲವೋನ್,

ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಅಡುಗೆಮನೆಯ ಮೇಜಿಗೆ ಕೂರಿಸಿದ್ದಾಳೆ ನನ್ನ ಮಗಳು ಕಾನಿ. ಇದು ನನ್ನಿಂದ ಆಗುವ ಕೆಲಸವಲ್ಲ. ಬೆರಳಿನ ಗೆಣ್ಣು ನೋಯುತ್ತದೆ, ಸಾಲು ಸೊಟ್ಟ ಹೋಗುತ್ತದೆ. ಫೋನಿನಲ್ಲೇ ಹೇಳಿ ಮುಗಿಸೋಣ ಎಂದು ಈ ತಿಂಗಳು ಮೂರು ಸಲ ನಿನಗೆ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಮೊಣಕಾಲು, ನನ್ನ ಟೊಮ್ಯಾಟೊ ಗಿಡ ಅಂತ ಮಾತಾಡಿ ಇಟ್ಟುಬಿಟ್ಟೆ. ಕಾನಿ ಕೇಳಿಸಿಕೊಂಡು, "ಅಪ್ಪಾ, ಬಾಯಲ್ಲಿ ಬರಲ್ಲ ಅಂದ್ರೆ ಬರೆದಾದ್ರೂ ಸಾಯಿ" ಅಂದಳು. ಅಪ್ಪನಿಗೆ ಆಡುವ ಮಾತೇ ಇದು? ನನ್ನ ಮಗಳೇ ತಾನೆ, ಇನ್ನು ಹೇಗೆ ಆಡಿಯಾಳು.

ಅರವತ್ತನಾಲ್ಕರಲ್ಲಿ ನಮ್ಮ ಸ್ಟುಡಿಯೋದಲ್ಲಿ ಮಾಡಿದ ಹ್ಯಾಲೋವೀನ್ ರೆಕಾರ್ಡು ನಿನಗೆ ನೆನಪಿದೆ, ಇಲ್ಲದೆ ಎಲ್ಲಿ ಹೋಗುತ್ತದೆ. ಅದರ ರಟ್ಟಿನ ಹೊದಿಕೆಯ ಮೇಲೆ ಹಸಿರು ಮುಖದ ಮಾಟಗಾತಿ. ಒಂದು ಬದಿಗೆ ದೆವ್ವಗಳು ಕುಣಿಯುವ ಹುಚ್ಚು ಹಾಡುಗಳು, ಇನ್ನೊಂದು ಬದಿಗೆ ಬರೀ ಸದ್ದು. ಅದರಲ್ಲಿ ಸರಪಳಿ ಎಂದರೆ ನಾನು ಬಕೆಟ್ಟಿನಲ್ಲಿ ಕುಲುಕಿದ ಸೈಕಲ್ ಚೈನು. ಮೂಳೆ ಎಂದರೆ ನಾನು ಲಟಕ್ಕನೆ ಮುರಿದ ಸೆಲರಿ ದಂಟು. ಸಮಾಧಿಯ ಬಾಗಿಲು ಸ್ಟುಡಿಯೋದ ಕಕ್ಕಸಿನ ಬಾಗಿಲು. ಎಲ್ಲ ಸುಳ್ಳು. ಮಾಟಗಾತಿಯ ನಗು ಒಂದೇ ನಿಜವಾದದ್ದು.

ಅದು ನಿನ್ನದು.

ಬರೆದೆ ನೋಡು. ಈ ಒಂದು ಸಾಲಿಗೆ ನಲವತ್ತೇಳು ವರ್ಷ ಹಿಡಿಯಿತು.

ಸಿನ್ಸಿನಾಟಿಯಿಂದ ಒಬ್ಬ ನಟಿ ಬಂದದ್ದು ಸುಳ್ಳಲ್ಲ. ಆದರೆ ಅವಳು ನಕ್ಕರೆ ಮಗ್ಗಿ ಒಪ್ಪಿಸಿದ ಹಾಗಿತ್ತು. ಯಜಮಾನ ಹ್ಯಾಸ್ಕೆಟ್, ಇದಕ್ಕಿಂತ ನಮ್ಮತ್ತೆ ನಕ್ಕರೆ ಮಕ್ಕಳು ಹೆದರುತ್ತಾರೆ ಎಂದು ಬೈದು ಅವಳನ್ನು ಬಸ್ಸು ಹತ್ತಿಸಿದ. ನಾನಾಗ ಅಲ್ಲಿ ವೈರು ಎಳೆಯುವವನು, ನೆಲ ಗುಡಿಸುವವನು. ಟೇಪಿನ ಯಂತ್ರದ ಮುಂದೆ ಕೂರುವ ಕೆಲಸದ ಮೇಲೆ ಕಣ್ಣಿತ್ತು. ನಮ್ಮ ಮನೆಯಲ್ಲಿ ಒಂದು ನಗು ಇದೆ ಎಂದೆ.

ಆ ಭಾನುವಾರ ಯಂತ್ರವನ್ನು ಉಗ್ರಾಣದೊಳಗೆ ಇಟ್ಟು, ಮೈಕನ್ನು ಬ್ರೆಡ್ ಡಬ್ಬದ ಹಿಂದೆ ಬಚ್ಚಿಟ್ಟೆ. ಅಮ್ಮ ಕೋಳಿ ನೂಡಲ್ಸ್ ಬಡಿಸುತ್ತಿದ್ದಳು. ಪಾದ್ರಿಯ ವಿಗ್ಗು ಗಾಳಿಗೆ ಹಾರಿ ಕೋಳಿಗೂಡಿಗೆ ಬಿದ್ದದ್ದು, ಹೇಂಟೆ ಅದರ ಮೇಲೆ ಕಾವು ಕೂತದ್ದು, ಆ ಕಥೆ ತೆಗೆದೆ. ನೀನು ನಕ್ಕೆ. ಮೊದಲು ಬಾತುಕೋಳಿ ಕೂಗಿದ ಹಾಗೆ, ಆಮೇಲೆ ನೀರಿಲ್ಲದ ಬೋರಿನ ಪಂಪು ಎಳೆದ ಹಾಗೆ, ಕೊನೆಗೊಂದು ಬಿಕ್ಕಳಿಕೆ. ಟೇಪನ್ನು ಸ್ವಲ್ಪ ಜೋರಾಗಿ ಓಡಿಸಿದೆವು, ಮಾಟಗಾತಿಯಾಯಿತು. ಸೋಮವಾರದಿಂದ ನಾನು ಯಂತ್ರದ ಮುಂದೆ ಕೂತೆ.

ಆ ಅಕ್ಟೋಬರಿನಲ್ಲಿ ನೀನು ಪೇಟೆಯ ಅಂಗಡಿಯಲ್ಲಿ ರೆಕಾರ್ಡು ಮಾರುತ್ತಿದ್ದೆ. ನಿಮ್ಮ ಮ್ಯಾನೇಜರು ಅದನ್ನೇ ದಿನವಿಡೀ ಹಾಕಿದ. ಮನೆಗೆ ಬಂದವಳು ಕೋಟು ಕೂಡ ಬಿಚ್ಚಲಿಲ್ಲ.

"ಆರ್ವಿ, ಆ ಮಾಟಗಾತಿ ನಗೋದು ನಾನಲ್ವಾ?"

"ನಿಂಗೆ ತಲೆ ಕೆಟ್ಟಿದೆ. ಅದು ಸಿನ್ಸಿನಾಟಿ ನಟಿ. ನಿನ್ನ ನಗು ಯಾರಿಗೆ ಬೇಕು?"

ಅಮ್ಮ ಒಲೆಯ ಹತ್ತಿರದಿಂದ ತಿರುಗಿ ನನ್ನನ್ನೊಮ್ಮೆ ನೋಡಿದಳು. ಮತ್ತೆ ಆಲೂಗಡ್ಡೆ ಕಿವುಚತೊಡಗಿದಳು. ನೀನು ಆಮೇಲೆ ಒಂದು ದಿನವೂ ಆ ಪ್ರಶ್ನೆ ಕೇಳಲಿಲ್ಲ.

ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯಲು ಕಲಿತೆ ನೀನು, ಅಷ್ಟೇ. ನಿನ್ನ ಮದುವೆಯಲ್ಲಿ ಮದುಮಗ ಡ್ವೈಟನ ತಮ್ಮ ಏನೋ ಹೇಳಿ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಮದುಮಗಳು ನೀನು ಕರವಸ್ತ್ರ ಕಚ್ಚಿಕೊಂಡು ಭುಜ ಅಲುಗಿಸಿದೆ. ಲವೋನ್ ಎಷ್ಟು ಗಂಭೀರ ಆಗಿದ್ದಾಳೆ ಎಂದರು ಎಲ್ಲರೂ. ನಾನೂ ಹೌದೆಂದೆ.

ನೀವು ನಮ್ಮ ಬೀದಿಯಲ್ಲೇ ಇದ್ದ ಆ ವರ್ಷಗಳು ಇನ್ನೂ ಕೆಟ್ಟವು. ಅಕ್ಟೋಬರ್ ಮೂವತ್ತೊಂದರ ಹ್ಯಾಲೋವೀನ್ ಸಂಜೆಗೆ ಒಂದು ಮನೆ ಬಿಟ್ಟು ಒಂದು ಮನೆಯವರು ಸ್ಪೀಕರನ್ನು ಕಿಟಕಿಗಿಟ್ಟು ಅದೇ ರೆಕಾರ್ಡು ಹಾಕುತ್ತಿದ್ದರು. ಬೀದಿಯುದ್ದಕ್ಕೂ ನಿನ್ನ ನಗು, ವೇಷ ಹಾಕಿದ ಮಕ್ಕಳ ಕಿರುಚಾಟ. ನಿನ್ನ ಮನೆಯ ಜಗುಲಿ ದೀಪ ಮಾತ್ರ ಆರಿರುತ್ತಿತ್ತು. ದೀಪ ಆರಿದ ಮನೆಯ ಮೆಟ್ಟಿಲನ್ನು ಮಿಠಾಯಿ ಕೇಳಲು ಯಾವ ಮಗುವೂ ಹತ್ತುವುದಿಲ್ಲ. ಒಂದು ವರ್ಷ ನಿನ್ನ ಮಕ್ಕಳೆದುರಿಗೇ, "ಎರಡು ಮಿಠಾಯಿ ಕೊಡೋಕೂ ಕೈ ಬರಲ್ವೇನೇ ಜಿಪುಣಿ?" ಎಂದು ಹಂಗಿಸಿದೆ. ತಲೆನೋವು ಎಂದೆ ನೀನು. ದೀಪ ಯಾಕೆ ಆರಿದೆ ಎಂದು ಆ ಬೀದಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಈಗ ಶಿಕಾಗೋದ ಯಾರೋ ಹುಡುಗರು ಆ ರೆಕಾರ್ಡನ್ನು ಮತ್ತೆ ಅಚ್ಚು ಹಾಕುತ್ತಾರಂತೆ, ಕಿತ್ತಳೆ ಬಣ್ಣದಲ್ಲಿ. ಹಳೆಯ ಹೊದಿಕೆಯ ಹಿಂದೆ ನನ್ನ ಹೆಸರಿತ್ತಲ್ಲ, ಹಾಗಾಗಿ ಜೂನಿನಲ್ಲಿ ಟೆಸ್ ಎಂಬ ಹುಡುಗಿ ಫೋನ್ ಮಾಡಿದಳು. ಮಾಟಗಾತಿ ಯಾರು, ಆ ನಗು ಕೇಳಿಯೇ ನಾವು ಬೆಳೆದದ್ದು, ಅವರ ಹೆಸರು ಹಾಕಬೇಕು ಎಂದಳು. ನಿಜ ಹೇಳಲು ದೇವರೇ ಕೊಟ್ಟ ಅವಕಾಶ. ನನ್ನ ಬಾಯಿಂದ ಬಂದದ್ದೇನು? ಸಿನ್ಸಿನಾಟಿಯ ನಟಿ. ಹೆಸರು ಕೇಳಿದಳು, ಮಾರ್ಜರಿ ಡನ್ ಎಂದೆ. ತೀರಿಕೊಂಡಳು ಪಾಪ, ಎಂದೂ ಸೇರಿಸಿದೆ.

ಈ ತಿಂಗಳ ಮೊದಲಿಗೆ ಹೊಸ ಹೊದಿಕೆಯ ಮಾದರಿ ಅಂಚೆಯಲ್ಲಿ ಬಂತು. ಮಾಟಗಾತಿಯ ನಗು: ಮಾರ್ಜರಿ ಡನ್. ಹುಟ್ಟೇ ಇಲ್ಲದ ಹೆಂಗಸಿನ ಹೆಸರು, ದಪ್ಪ ಅಕ್ಷರದಲ್ಲಿ. ಇವರ್ಯಾರು ಎಂದು ಕಾನಿ ಕೇಳಿದಳು. ಅವಳ ಮೇಲೆ ಹರಿಹಾಯ್ದೆ, ಆಮೇಲೆ ಎಲ್ಲ ಹೇಳಿದೆ.

ಆ ಮಾದರಿಯ ಮೇಲೆ ನನ್ನ ರುಜು ಇಲ್ಲದೆ ಅವರು ಅಚ್ಚು ಹಾಕುವ ಹಾಗಿಲ್ಲ. ನಿನ್ನ ಹೆಸರು ಹಾಕಿಸಬೇಕು ಎಂದರೆ ಹಾಕಿಸುತ್ತೇನೆ. ಆ ದರಿದ್ರ ರೆಕಾರ್ಡು ಮತ್ತೆ ಹುಟ್ಟುವುದೇ ಬೇಡ ಎಂದರೆ ನಿಲ್ಲಿಸುತ್ತೇನೆ. ಕ್ಷಮಿಸು ಎಂದು ಕೇಳುತ್ತಿಲ್ಲ, ಕೇಳುವ ಮುಖ ಇಟ್ಟುಕೊಂಡಿಲ್ಲ. ನಿನಗೆ ತಲೆ ಕೆಟ್ಟಿರಲಿಲ್ಲ. ಅಷ್ಟನ್ನು ನನ್ನ ಕೈಬರಹದಲ್ಲಿ ನಿನಗೆ ಕೊಡಬೇಕಿತ್ತು.

ನಿನ್ನ ಅಣ್ಣ ಎಂದು ಹೇಳಿಕೊಳ್ಳುವ,
ಆರ್ವಿಲ್ ಸ್ಟಕಿ

ಮರೆತದ್ದು: ಆ ಭಾನುವಾರದ ಟೇಪು ನೆಲಮಾಳಿಗೆಯಲ್ಲಿ ಸಿಕ್ಕಿತು. ಇದರ ಜೊತೆ ಕಳಿಸಿದ್ದೇನೆ, ಏನು ಬೇಕಾದರೂ ಮಾಡು. ಮೊನ್ನೆ ಕೊನೆಯವರೆಗೂ ಕೇಳಿದೆ. ಬಿಕ್ಕಳಿಕೆಯಾದ ಮೇಲೆ ನೀನು, "ಅಯ್ಯೋ ಹೊಟ್ಟೆ ನೋವು. ಇನ್ನೊಂದ್ಸಲ ಹೇಳೋ ಆರ್ವಿ" ಅನ್ನುತ್ತೀಯ. ಅದಾದ ಮೇಲೆ ಕುರ್ಚಿ ಎಳೆದ ಸದ್ದು. ಅದು ನಾನು, ಯಂತ್ರ ನಿಲ್ಲಿಸಲು ಎದ್ದದ್ದು. ಬೇಕಾದದ್ದು ಸಿಕ್ಕಿತ್ತಲ್ಲ, ಮತ್ತೆ ಹೇಳಲಿಲ್ಲ.

ಶಿಕಾಗೋದವರು ರುಜುವಿಗೆ ಗಡುವು ಹಾಕಿದ್ದಾರೆ, ಸೆಪ್ಟೆಂಬರ್ ಹನ್ನೆರಡರೊಳಗೆ ನಿನ್ನ ಉತ್ತರ ನನ್ನ ಕೈ ಸೇರಬೇಕು.